ಥರ್ಟಿ ಫಾರ್ಟಿ ಸೈಟು, ನಮ್ಮಜ್ಜಿಯ ರೂಮು

ಮೊದಲೇ ಹೇಳಿಬಿಡ್ತೀವಿ. ನಾವು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಓದಿದ್ದು ಸೆಕೆಂಡ್ ಲ್ಯಾಂಗ್ವೇಜ್ ಆಗಿ, ಅದೂ ಮಾರ್ಕ್ಸಿಗೋಸ್ಕರ. ಹಾಗಾಗಿ ಇದರಲ್ಲಿ ಎಲ್ಲಾದರೂ ಒತ್ತಕ್ಷರ ಜಾರಿದ್ದರೆ, ಮಾತಿನ ಕನ್ನಡ ನುಗ್ಗಿದ್ದರೆ, ಸಂಘದ ಗೆಳೆಯರು ಹೊಟ್ಟೆಗೆ ಹಾಕಿಕೊಳ್ಳಿ. ಇನ್ನು 'ನಾವು' ಅಂದರೆ ಅಕ್ಕ ತಂಗಿ ಇಬ್ಬರು. ಒಬ್ಬಳು ಇಲ್ಲಿ ಎರಡನೇ ವರ್ಷದ ಕಂಪ್ಯೂಟರ್ ಸೈನ್ಸು, ಇನ್ನೊಬ್ಬಳು ಊರಲ್ಲಿ ಸೆಕೆಂಡ್ ಪಿಯು. ಬರೆಯುತ್ತಿರುವುದು ದೊಡ್ಡವಳಾದರೂ ಕೆಲಸದಲ್ಲಿ ಅರ್ಧ ಚಿಕ್ಕವಳದ್ದು, ಅದಕ್ಕೇ 'ನಾವು'.

ಅಪ್ಪ ತಿಪಟೂರಿನಲ್ಲಿ ಒಂದು ಥರ್ಟಿ ಫಾರ್ಟಿ ಸೈಟು ತಗೊಂಡು ಹತ್ತು ವರ್ಷವಾಗಿತ್ತು. ಬ್ಯಾಂಕ್ ಲೋನ್ ಸಿಗುತ್ತೆ ಅಂತ ಗೊತ್ತಾದ ದಿನವೇ ಹಾಸ್ಟೆಲಿಗೆ ಫೋನ್ ಬಂತು.

"ಒಂದು ಪ್ಲಾನ್ ಹಾಕಮ್ಮ. ಇಂಜಿನಿಯರಿಂಗ್ ತಾನೇ ಓದ್ತಿರೋದು?"

"ಅಪ್ಪಾ, ಅದು ಸಿವಿಲ್‌ನವರ ಕೆಲಸ. ನಮ್ಮದು ಕಂಪ್ಯೂಟರ್."

"ಕಂಪ್ಯೂಟರ್‌ನಲ್ಲೇ ಹಾಕು ಅಂತಾನೇ ನಾನೂ ಹೇಳ್ತಿರೋದು."

ಇದಕ್ಕೆ ಏನು ಉತ್ತರ ಕೊಡೋದು? ದಸರಾ ರಜೆಗೆ ಊರಿಗೆ ಹೋದಾಗ ಅಪ್ಪ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಪೆನ್ನಿನಲ್ಲಿ ಬರೆದ ನಕ್ಷೆ ಕೈಗಿಟ್ಟರು. ಮುಂದೆ ಕಾರ್ ನಿಲ್ಲಿಸೋ ಜಾಗ, ಆಮೇಲೆ ಹಾಲು, ಅಡುಗೆಮನೆ, ದೇವರಮನೆ, ಎರಡು ಬೆಡ್‌ರೂಮು, ಪಕ್ಕದಲ್ಲಿ ಮೆಟ್ಟಿಲು. ನಮಗೆ ಕಾರಿಲ್ಲ. "ಇವತ್ತಲ್ಲ ನಾಳೆ ತಗೋತೀವಲ್ಲ" ಅನ್ನೋದು ಅಪ್ಪನ ಲೆಕ್ಕ. ಅಜ್ಜಿಗೆ ಹಾಲ್‌ನಲ್ಲಿ ಒಂದು ದಿವಾನ.

ಸಾಫ್ಟ್‌ವೇರ್ ಹುಡುಕಿದಾಗ ಸಿಕ್ಕಿದ್ದು ಸ್ವೀಟ್ ಹೋಮ್ ಥ್ರೀಡಿ. ಉಚಿತ, ಓಪನ್ ಸೋರ್ಸು, ಅಪ್ಪನ ಅಂಗಡಿಯ ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡಿತು. ಮೇಲೆ ಗೆರೆ ಎಳೆದು ಗೋಡೆ ಬರೆದರೆ ಕೆಳಗೆ ಅದೇ ಗೋಡೆ ಎದ್ದು ನಿಲ್ಲುತ್ತೆ. ಬಾಗಿಲು, ಕಿಟಕಿ, ಮಂಚ ಎಲ್ಲವನ್ನೂ ಪಕ್ಕದ ಪಟ್ಟಿಯಿಂದ ಎಳೆದು ತಂದಿಡಬಹುದು. ಕೈಯಲ್ಲಿ ಬರೆದ ನಕ್ಷೆಯ ಫೋಟೋ ಹಾಕಿ ಅದರ ಮೇಲೇ ಗೆರೆ ಎಳೆಯೋದಕ್ಕೂ ಅವಕಾಶವಿದೆ. ಫೋಟೋದಲ್ಲಿ ಅಳತೆ ಗೊತ್ತಿರೋ ಒಂದು ಗೆರೆಯನ್ನು ತೋರಿಸಿದರೆ ಉಳಿದದ್ದನ್ನು ಅದೇ ಲೆಕ್ಕ ಹಾಕುತ್ತೆ. ನಾವು ಕ್ಯಾಲೆಂಡರ್ ಹಾಳೆಯ ಫೋಟೋ ಹಾಕಿ ಮುಂದಿನ ಗೆರೆ 30 ಅಡಿ ಅಂದೆವು. ಪಕ್ಕದ ಗೆರೆ 52 ಅಡಿ ತೋರಿಸಿತು! ಅಪ್ಪ ಸ್ಕೇಲ್ ಇಟ್ಟು ಬರೆದಿರಲಿಲ್ಲ, ಹಾಳೆ ಇದ್ದಷ್ಟೂ ಮನೆ ಕಟ್ಟಿದ್ದರು. ನಮ್ಮ ನಕ್ಷೆ ಪಕ್ಕದವರ ಸೈಟಿನಲ್ಲಿ 12 ಅಡಿ ಒತ್ತುವರಿ ಮಾಡಿತ್ತು.

ಫೋಟೋ ಬಿಟ್ಟು ಮೊದಲಿಂದ ಬರೆದೆವು. ಎರಡೂ ಪಕ್ಕ ಮೂರು ಮೂರು ಅಡಿ ಬಿಟ್ಟರೆ ಕಟ್ಟೋಕೆ ಸಿಗೋ ಅಗಲ 24 ಅಡಿ. ಮೂರು ರಾತ್ರಿ ಕೂತು ಮನೆ ಮುಗಿಸಿದೆವು. ಪಟ್ಟಿಯಲ್ಲಿ ಬಾತ್‌ಟಬ್ ಇತ್ತು, ಪಿಯಾನೋ ಇತ್ತು, ಮೀನಿನ ತೊಟ್ಟಿ ಇತ್ತು. ಒಲೆ ಪಕ್ಕ ಇಡೋಕೆ ಒರಳು ಸಿಗಲಿಲ್ಲ, ದೇವರಮನೆಗೆ ಹಾಕೋಕೆ ಮಣೆ ಸಿಗಲಿಲ್ಲ. ದಿವಾನದ ವಿಷಯದಲ್ಲಿ ಮಾತ್ರ ನಾವು ಅಪ್ಪನ ಮಾತು ಕೇಳಲಿಲ್ಲ. ಹಿಂದುಗಡೆ ಅಜ್ಜಿಗೆ ಒಂದು ಚಿಕ್ಕ ರೂಮು, ಅದಕ್ಕಂಟಿಕೊಂಡು ಒಂದು ಬಾತ್‌ರೂಮು ಹಾಕಿದೆವು. ಗಲಾಟೆ ಇರಲ್ಲ, ಆರಾಮಾಗಿ ಮಲಗಬಹುದು ಅಂತ ನಾವೇ ತೀರ್ಮಾನ ಮಾಡಿದ್ವಿ.

ಅಜ್ಜಿಗೆ ರೂಮು ಬೇಕೇ ಬೇಕು ಅಂತ ನಾವು ಹಟ ಹಿಡಿಯೋಕೆ ಕಾರಣ ಇದೆ. ಅದರ ಹಿಂದಿನ ಆಷಾಢದಲ್ಲಿ ಊರ ಮನೆಯ ಬಚ್ಚಲಲ್ಲಿ ಅಜ್ಜಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು, ಆಪರೇಷನ್ ಆಯ್ತು. ಈಗ ವಾಕರ್ ಹಿಡಿದು ನಡೀತಾರೆ. ಹೆಂಚಿನ ಮನೆಯಲ್ಲಿ ಒಂದೊಂದು ಬಾಗಿಲಿಗೂ ಹೊಸ್ತಿಲು, ಒಂದೊಂದು ಹೊಸ್ತಿಲೂ ಅವರಿಗೀಗ ಬೆಟ್ಟ.

ರಜೆ ಮುಗಿಸಿ ಬಂದಮೇಲೆ ಪ್ಲಾನನ್ನು ನಮ್ಮ ಸಿವಿಲ್ ಬ್ರಾಂಚಿನ ಸೀನಿಯರ್ ಅಕ್ಕ ಒಬ್ಬರಿಗೆ ತೋರಿಸಿದೆವು. ಅವರು ಥ್ರೀಡಿ ಕಡೆ ತಿರುಗಿಯೂ ನೋಡಲಿಲ್ಲ. "ಈ ಮಂಚ ನಿಮ್ಮನೇದಾ, ಸಾಫ್ಟ್‌ವೇರಿಂದಾ?" ಅಂದರು. ಸಾಫ್ಟ್‌ವೇರಿಂದು. "ಮೊದಲು ಮನೇಲಿರೋ ಸಾಮಾನಿನ ಅಳತೆ ತನ್ನಿ. ಆಮೇಲೆ ಇದನ್ನ ಊರಿನ ಮೇಸ್ತ್ರಿಗೆ ತೋರಿಸಿ. ಪರ್ಮಿಷನ್‌ಗೆ ಹೇಗೂ ಲೈಸೆನ್ಸ್ ಇರೋ ಇಂಜಿನಿಯರೇ ಡ್ರಾಯಿಂಗ್ ಮಾಡಿ ಸಹಿ ಹಾಕ್ಬೇಕು. ನಿಮ್ಮದೇನಿದ್ರೂ ಮನೆಯವರು ಕೂತು ಮಾತಾಡೋಕೆ."

ಊರಲ್ಲಿ ತಂಗಿ ಟೇಪು ಹಿಡಿದಳು. ಫೋನಿನಲ್ಲಿ ಅವಳು ಹೇಳೋದು, ಇಲ್ಲಿ ಬರೆದುಕೊಳ್ಳೋದು. ಅಜ್ಜಿಯ ಮಂಚ 6 ಅಡಿ 3 ಇಂಚು ಉದ್ದ, 3 ಅಡಿ ಅಗಲ. ಬೀರು 3 ಅಡಿ. ಅಜ್ಜಿ ತವರಿಂದ ತಂದ ಟ್ರಂಕು ಎರಡೂವರೆ ಅಡಿ. ವಾಕರ್ ಅಗಲ 24 ಇಂಚು.

ದೀಪಾವಳಿಗೆ ಹೋದಾಗ ಮೇಸ್ತ್ರಿ ಮನೆಗೇ ಬಂದರು. ಕಲರ್ ಪ್ರಿಂಟ್ ತೆಗೆಸಿಕೊಂಡು ಹೋಗಿದ್ವಿ, ಸ್ವಲ್ಪ ಜಂಬ ಇತ್ತು. ಅವರು ಹಾಳೆಯನ್ನು ಬೆಳಕಿಗೆ ಹಿಡಿದರು, ಹತ್ತಿರ ತಂದರು, ಮತ್ತೆ ದೂರ ಹಿಡಿದರು.

"ಚೆನ್ನಾಗೈತೆ. ಗೋಡೆ ಎಲ್ಲೈತವ್ವಾ?"

"ಇದೇ ಅಲ್ವಾ, ಈ ಕಪ್ಪು ಗೆರೆ."

"ಇದೇನು, ರಟ್ಟಿನ ಮನೆನಾ?"

ಗೋಡೆಯ ದಪ್ಪ ಎಷ್ಟಿದೆ ಅಂತ ನಾವು ಮೂರು ರಾತ್ರಿಯಲ್ಲಿ ಒಮ್ಮೆಯೂ ನೋಡಿರಲಿಲ್ಲ. ಸಾಫ್ಟ್‌ವೇರ್ ಮೊದಲಿಗೆ ಇಟ್ಟುಕೊಂಡಿದ್ದ ಏಳೂವರೆ ಸೆಂಟಿಮೀಟರ್, ಅಂದರೆ 3 ಇಂಚು, ಹಾಗೇ ಇತ್ತು. ಬದಲಾಯಿಸೋಕೆ ಒಂದು ಕ್ಲಿಕ್ ಸಾಕಿತ್ತು, ತಪ್ಪು ಪೂರ್ತಿ ನಮ್ಮದೇ. ಮೇಸ್ತ್ರಿ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಹಾಳೆಯ ಅಂಚಿನಲ್ಲಿ ಲೆಕ್ಕ ಹಾಕಿದರು. ನಮ್ಮ ಮನೆಯ ಹಿಂಭಾಗದಲ್ಲಿ ಅಡ್ಡಕ್ಕೆ ಅಡುಗೆಮನೆ 10 ಅಡಿ, ಅಜ್ಜಿಯ ಬಾತ್‌ರೂಮು 4 ಅಡಿ, ಅಜ್ಜಿಯ ರೂಮು 9 ಅಡಿ. ನಾಲ್ಕು ಗೋಡೆಗೆ 3 ಇಂಚಿನಂತೆ 1 ಅಡಿ. ಒಟ್ಟು 24, ಸರಿಯಾಗಿ ಕೂತಿತ್ತು. ಆದರೆ ಇಟ್ಟಿಗೆ ಗೋಡೆ ಹೊರಗಡೆ 9 ಇಂಚು, ಒಳಗಡೆ ನಾಲ್ಕೂವರೆ. ಎರಡು ಹೊರಗೋಡೆ, ಎರಡು ಒಳಗೋಡೆ ಸೇರಿ 27 ಇಂಚು. 15 ಇಂಚು ಕಮ್ಮಿ ಬಿತ್ತು. ಅಡುಗೆಮನೆ, ರೂಮು ಮುಟ್ಟಬಾರದು ಅಂದರೆ ಅದು ಬಾತ್‌ರೂಮಿಂದಲೇ ಹೋಗಬೇಕು. 4 ಅಡಿ ಇದ್ದದ್ದು 2 ಅಡಿ 9 ಇಂಚಾಯಿತು. ಗಿಲಾವಿನ ದಪ್ಪ ಇನ್ನೂ ಲೆಕ್ಕಕ್ಕೇ ಬಂದಿರಲಿಲ್ಲ.

"ವಾಕರ್ ಎಷ್ಟಗಲ?" ಅಂತ ಮೇಸ್ತ್ರಿ ಕೇಳಿದರು. 24 ಇಂಚು ಅಂದಳು ತಂಗಿ. ಬಾಗಿಲು ಎಷ್ಟು ಇಟ್ಟಿದ್ದೀರಿ ಅಂದರು. ಎರಡೂವರೆ ಅಡಿ ಅಂದ್ವಿ, ಆರು ಇಂಚು ಜಾಸ್ತೀನೇ ಇದೆಯಲ್ಲ ಅನ್ನೋ ಧೈರ್ಯದಲ್ಲಿ.

"ಬಾಗಿಲಿನ ಅಳತೆ ಅಂದ್ರೆ ಬಾಗಿಲುವಾಡ ಸೇರಿ ಕಣವ್ವ. ಆ ಕಡೆ ಎರಡೂವರೆ ಇಂಚು ಮರ, ಈ ಕಡೆ ಎರಡೂವರೆ. ಒಳಗೆ ಉಳಿಯೋದು 25. ಬಾಗಿಲು ತೆಗೆದ್ರೆ ರೆಕ್ಕೆ ಒಂದಿಂಚು ತಿನ್ನುತ್ತೆ. ಅಜ್ಜಿ ಕೈಬೆರಳು ಎಲ್ಲಿಡ್ಬೇಕು?"

'ಬಾಗಿಲುವಾಡ' ಅನ್ನೋ ಪದ ನಾವು ಕೇಳಿದ್ದು ಅವತ್ತೇ. ಅಷ್ಟು ದಿನ ಅದು ನಮಗೆ ಡೋರ್ ಫ್ರೇಮ್. ಹತ್ತೊಂಬತ್ತು ವರ್ಷ ಒಂದೇ ಬಾಗಿಲುವಾಡದ ಕೆಳಗೆ ಓಡಾಡಿ ಅದರ ಹೆಸರು ಗೊತ್ತಿರಲಿಲ್ಲ. ಮೇಸ್ತ್ರಿ 3 ಅಡಿ ಬಾಗಿಲು ಬರೆದು, ಸಾಫ್ಟ್‌ವೇರ್ ತೋರಿಸಿದ್ದ ಹಾಗೆ ರೆಕ್ಕೆ ಒಳಗೆ ತೆರೆಯೋ ಕಮಾನಿನ ಗೆರೆ ಎಳೆದರು.

"ಬೇಡ" ಅಂದಳು ತಂಗಿ. "ಅದು ಹೊರಗೆ ತೆಗೀಬೇಕು."

ಅಜ್ಜಿ ಬಿದ್ದ ದಿನ ಮನೆಯಲ್ಲಿದ್ದವಳು ಅವಳೊಬ್ಬಳೇ. ಚಿಲಕ ಒಳಗಿಂದ ಹಾಕಿತ್ತು. ಪಕ್ಕದ ಮನೆಯವರು ಬಂದು ಚಿಲಕ ಮುರಿದರೂ ಬಾಗಿಲು ತೆರೆಯಲಿಲ್ಲ, ಯಾಕಂದ್ರೆ ಬಾಗಿಲಿಗೆ ಅಡ್ಡ ಅಜ್ಜಿಯೇ ಬಿದ್ದಿದ್ದರು. ತಳ್ಳಿದರೆ ಅಜ್ಜಿಯನ್ನೇ ತಳ್ಳಿದ ಹಾಗೆ. ಕೊನೆಗೆ ತಿರುಗಣಿ ಬಿಚ್ಚಿ ಬಾಗಿಲನ್ನೇ ಎತ್ತಿ ತೆಗೆಯಬೇಕಾಯ್ತು. ಇದನ್ನು ಅವಳು ಯಾರಿಗೂ ಇಷ್ಟು ಬಿಡಿಸಿ ಹೇಳಿರಲಿಲ್ಲ, ಇಲ್ಲಿ ಹಾಸ್ಟೆಲಿನಲ್ಲಿದ್ದವಳಿಗೂ ಕೂಡ. ಮೇಸ್ತ್ರಿ ರಬ್ಬರ್ ಕೇಳಿ ಇಸ್ಕೊಂಡು ಗೆರೆ ಅಳಿಸಿ, ಬಾಗಿಲು ಹೊರಗೆ ತೆರೆಯೋ ಹಾಗೆ ಬರೆದರು. ಏನೂ ಮಾತಾಡಲಿಲ್ಲ.

ಹೋಗುವಾಗ ಮಾತ್ರ ಒಂದು ಮಾತು ಹೇಳಿದರು. "ನಾವು ಪಾಯ ತೆಗೆಯೋಕೆ ಮುಂಚೆ ನೆಲದ ಮೇಲೆ ಸುಣ್ಣದಲ್ಲಿ ಗುರುತು ಹಾಕ್ತೀವಿ. ಅದರೊಳಗೆ ಓಡಾಡಿದ್ರೆ ಗೊತ್ತಾಗುತ್ತೆ. ಅಜ್ಜಿ ರೂಮು ಒಂದನ್ನ ಇಲ್ಲೇ ಅಂಗಳದಲ್ಲಿ ಬರೆದು ನೋಡಿ."

ಮಾರನೇ ದಿನ ಬೆಳಿಗ್ಗೆ ಸುಣ್ಣದ ಬದಲು ರಂಗೋಲಿ ಪುಡಿ ತಗೊಂಡೆವು. ಮೂಲೆ ನೇರ ಬರೋಕೆ ಮೇಸ್ತ್ರಿ ಹೇಳಿಕೊಟ್ಟ ಉಪಾಯ: ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಹಾಕಿ, ಆ ಎರಡು ಗುರುತಿನ ಮಧ್ಯೆ 5 ಅಡಿ ಬಂದರೆ ಮೂಲೆ ಸರಿಯಿದೆ. ಪೈಥಾಗೊರಸ್! ಹೈಸ್ಕೂಲಿನಲ್ಲಿ ಪ್ರೂಫ್ ಬಾಯಿಪಾಠ ಮಾಡಿದ್ದು, ಕೈಗೆ ಬಂದದ್ದು ಈಗ. ಗೋಡೆಗೆ ಎರಡೆರಡು ಗೆರೆ ಎಳೆದು ದಪ್ಪವನ್ನೂ ತೋರಿಸಿದೆವು. ಮಂಚದ ಜಾಗಕ್ಕೆ ಚಾಪೆ, ಕಮೋಡಿಗೆ ಪ್ಲಾಸ್ಟಿಕ್ ಕುರ್ಚಿ.

ಅಜ್ಜಿಯನ್ನು ಕರೆದೆವು. ವಾಕರ್ ಹಿಡಿದು ನಿಧಾನಕ್ಕೆ ಬಂದು ರಂಗೋಲಿ ಬಾಗಿಲಿನಲ್ಲಿ ನಿಂತರು. "ಗೆರೆ ತುಳೀಬೋದಾ?" ಅಂತ ಕೇಳಿ ಒಳಗೆ ಬಂದರು. ಚಾಪೆಯಿಂದ ಕುರ್ಚಿವರೆಗೆ ನಡೆದರು. ಬಾತ್‌ರೂಮಿನಲ್ಲಿ ವಾಕರ್ ತಿರುಗಿಸೋಕೆ ಹೋದಾಗ ಅದರ ಕಾಲು ಗೋಡೆ ದಾಟಿ ಅಡುಗೆಮನೆಗೆ ಹೋಯ್ತು. ಕುರ್ಚಿಯ ಮೇಲೆ ಕೂತು ಏಳುವಾಗ ಅವರ ಬಲಗೈ ತಾನಾಗಿ ಗಾಳಿಯಲ್ಲಿ ಏನನ್ನೋ ಹುಡುಕಿತು. ತಂಗಿ ಅಲ್ಲೇ ಟೇಪು ಹಿಡಿದು ಆ ಕೈಯ ಎತ್ತರ ಬರೆದುಕೊಂಡಳು. ಅಲ್ಲೊಂದು ಕಂಬಿ ಬೇಕು.

ಆಮೇಲೆ ಅಜ್ಜಿ ಕೇಳಿದರು, "ಬೀದಿ ಯಾವ ಕಡೆ?"

ನಾವು ಮುಂದಕ್ಕೆ, ದೂರಕ್ಕೆ ಕೈ ತೋರಿಸಿದೆವು.

"ಅಂದ್ರೆ ನನ್ನ ಹಿತ್ತಿಲಿಗೆ ಹಾಕಿದ್ದೀರ. ಯಾರು ಬಂದ್ರು, ಯಾರು ಹೋದ್ರು ಅಂತ ನಂಗೆ ಗೊತ್ತಾಗೋದು ಹೆಂಗೆ?"

ನಮಗೆ ನೆನಪಿರೋ ಕಾಲದಿಂದ ಅಜ್ಜಿ ಸಾಯಂಕಾಲ ಕೂರೋದು ಜಗಲಿ ಮೇಲೆ. ದನ ಹೊಡ್ಕೊಂಡು ಬರೋರು, ಬಸ್ಸಿಳಿದು ಬರೋರು, ಎಲ್ಲರ ಹತ್ತಿರವೂ ಒಂದೊಂದು ಮಾತು. ಬಿದ್ದಮೇಲೂ ಒಂದು ಕುರ್ಚಿ ಹಾಕಿಸ್ಕೊಂಡು ಅಲ್ಲೇ ಕೂತಿರ್ತಾರೆ. ಗಲಾಟೆ ಬೇಡ ಅಂತ ನಾವು ಅಂದುಕೊಂಡಿದ್ದೆವು. ಅವರಿಗೆ ಬೇಕಾಗಿದ್ದೇ ಆ ಗಲಾಟೆ. ಅಷ್ಟು ದಿನದಲ್ಲಿ ಎಲ್ಲಾದರ ಅಳತೆ ತಗೊಂಡ ನಾವು ಅಜ್ಜಿಯನ್ನು ಒಂದು ಮಾತು ಕೇಳಿರಲಿಲ್ಲ.

ಮುಂದೆ ಇರೋದು ಅಪ್ಪನ ಕಾರಿನ ಜಾಗ. ಅಪ್ಪನಿಗೆ ಬಾಯಲ್ಲಿ ಹೇಳೋಕೆ ಧೈರ್ಯ ಸಾಲಲಿಲ್ಲ. ರಾತ್ರಿ ಇನ್ನೊಂದು ಫೈಲ್ ಮಾಡಿ, ಕಾರಿನ ಜಾಗದಲ್ಲಿ ಅಜ್ಜಿಯ ರೂಮು ಹಾಕಿದೆವು. 10 ಅಡಿ ಅಗಲ, 11 ಅಡಿ ಉದ್ದ, ಬೀದಿ ಕಡೆಗೆ ಕಿಟಕಿ. ಅಂಗಳದಲ್ಲಿ ಕಲಿತ ಪಾಠಕ್ಕೆ ಬಾತ್‌ರೂಮು 5 ಅಡಿಗೆ 7 ಅಡಿ, ಹೊರಗೆ ತೆರೆಯೋ 3 ಅಡಿ ಬಾಗಿಲು. ಸಾಫ್ಟ್‌ವೇರ್‌ನಲ್ಲಿ ಮನೆಯೊಳಗೆ ನಡೆದಾಡೋ ಹಾಗೆ ನೋಡಬಹುದು. ನೋಡುವವರ ಕಣ್ಣಿನ ಎತ್ತರವನ್ನೂ ಬದಲಾಯಿಸಬಹುದು ಅಂತ ಅವತ್ತು ಗೊತ್ತಾಯ್ತು. ಮೊದಲಿಗೆ ಅದು ನಿಂತಿರೋ ದೊಡ್ಡವರ ಕಣ್ಣು. ಅಜ್ಜಿ ದಿಂಬಿಗೆ ಒರಗಿ ಮಲಗಿದ್ದಾಗ ತಂಗಿ ನೆಲದಿಂದ ಕಣ್ಣಿನವರೆಗೆ ಅಳೆದಳು, 27 ಇಂಚು. ಅದನ್ನು ಹಾಕಿ, ಮಂಚದ ಜಾಗದಿಂದ ಬೀದಿ ಕಡೆ ನೋಡಿದೆವು. ಬೀದಿ ಕಾಣಲಿಲ್ಲ. ಕಂಡಿದ್ದು ಗೋಡೆ, ಅದರ ಮೇಲೆ ಒಂದು ತುಂಡು ಆಕಾಶ. ಕಿಟಕಿಯನ್ನು ನಾವು ಎಲ್ಲರಂತೆ ನೆಲದಿಂದ 3 ಅಡಿ ಮೇಲೆ ಇಟ್ಟಿದ್ದೆವು. 2 ಅಡಿಗೆ ಇಳಿಸಿದೆವು. ಕಾಂಪೌಂಡ್ ಗೇಟು ಕಂಡಿತು.

ಬೆಳಿಗ್ಗೆ ಅಪ್ಪ ಅಂಗಡಿಗೆ ಹೊರಡೋ ಮುಂಚೆ ಲ್ಯಾಪ್‌ಟಾಪ್ ತೋರಿಸಿದೆವು. "ಇದು ಯಾರ ಕಣ್ಣಿಗೆ ಕಾಣೋದು?" ಅಂದರು. ಅಜ್ಜಿ ಕಣ್ಣಿಗೆ ಅಂದ್ವಿ. ಸ್ವಲ್ಪ ಹೊತ್ತು ನೋಡಿ, "ಕಾರ್ ಎಲ್ಲೋಯ್ತು?" ಅಂತ ಕೇಳಿ, ಉತ್ತರಕ್ಕೆ ಕಾಯದೆ ಚಪ್ಪಲಿ ಹಾಕ್ಕೊಂಡು ಹೋಗಿಬಿಟ್ಟರು. ನಾಲ್ಕು ದಿನ ಆ ವಿಷಯ ಎತ್ತಲಿಲ್ಲ. ಐದನೇ ದಿನ ಹಾಸ್ಟೆಲಿಗೆ ಫೋನ್ ಬಂತು.

"ಆ ಗೇಟು ಕಾಣೋ ಫೈಲ್ ಐತಲ್ಲ, ಅದನ್ನೇ ಕಳಿಸು. ಇಂಜಿನಿಯರಿಗೆ ಕೊಡ್ತೀನಿ."

ಈಗ ಇಂಜಿನಿಯರ್ ಡ್ರಾಯಿಂಗ್ ಮಾಡಿದ್ದಾರೆ. ಅಡುಗೆಮನೆ ಅವರ ಕೈಯಲ್ಲಿ ಜಾಗ ಬದಲಿಸಿದೆ, ಮೆಟ್ಟಿಲು ತಿರುಗಿದೆ, ನಮ್ಮ ಮೂರು ರಾತ್ರಿಯ ಕೆಲಸದಲ್ಲಿ ಹೆಚ್ಚೇನೂ ಉಳಿದಿಲ್ಲ. ಮುಂದಿನ ರೂಮು, ಹೊರಗೆ ತೆರೆಯೋ ಬಾಗಿಲು, 2 ಅಡಿ ಎತ್ತರದ ಕಿಟಕಿ ಉಳಿದಿವೆ. ಪರ್ಮಿಷನ್ ಬಂದಮೇಲೆ ಪಾಯ.

ನಿಮ್ಮ ಮನೆಯಲ್ಲೂ ಯಾರಾದರೂ "ಇಂಜಿನಿಯರಿಂಗ್ ತಾನೇ, ಪ್ಲಾನ್ ಹಾಕು" ಅಂದರೆ ಹೆದರಬೇಡಿ, ಸಾಫ್ಟ್‌ವೇರ್ ಎರಡು ದಿನದಲ್ಲಿ ಬರುತ್ತೆ. ಮೊದಲು ಗೋಡೆಯ ದಪ್ಪ ಸರಿಮಾಡಿ. ಮನೆಯ ಸಾಮಾನು ಅಳೆಯಿರಿ. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಓಡಾಡೋರು ಯಾರೋ, ಅವರನ್ನು ಎಲ್ಲರಿಗಿಂತ ಮೊದಲು ಕೇಳಿ.

ಅಂಗಳದ ರಂಗೋಲಿ ಮನೆ ಮೊದಲ ಮಳೆಗೇ ಅಳಿಸಿಹೋಯ್ತು. ಅಜ್ಜಿ ಮಾತ್ರ ಈಗಲೂ ಫೋನ್ ಮಾಡಿದಾಗಲೆಲ್ಲ ಕೇಳ್ತಾರೆ, "ನನ್ನ ಕಿಟಕಿ ಅಲ್ಲೇ ಐತಾ, ಆ ಇಂಜಿನಿಯರು ಎತ್ತಿಗಿತ್ತಿ ಬಿಟ್ನಾ?"

ಅಲ್ಲೇ ಐತೆ ಅಜ್ಜಿ.