ಎರಡನೇ ಮಹಡಿ, ಸ್ಟೋರ್ ರೂಮ್ ಪಕ್ಕ

1/6

ಫೋಟೋದಲ್ಲಿರೋ ಬಾಗಿಲು ನನ್ನ ಕ್ಲಾಸ್‌ಮೇಟ್ಸ್‌ಗೆ ನೋಡಿದ ತಕ್ಷಣ ಗೊತ್ತಾಗಿರುತ್ತೆ. ಎರಡನೇ ಮಹಡಿ, ವರಾಂಡದ ಕೊನೆ, ಸ್ಟೋರ್ ರೂಮ್ ಪಕ್ಕ. ಮುರಿದ ಬೆಂಚು, ಹಳೇ ಉತ್ತರ ಪತ್ರಿಕೆಗಳ ಗಂಟು, ಅದರಾಚೆ 'ಆಪ್ತ ಸಮಾಲೋಚನಾ ಕೇಂದ್ರ' ಅನ್ನೋ ಬೋರ್ಡು. ನೀವೆಲ್ಲ ಅದರ ಮುಂದೆ ನೂರು ಸಲ ಹೋಗಿದ್ದೀರಿ. ಅಲ್ಲಿಗೆ ಬಂದಾಗ ಮೊಬೈಲ್ ನೋಡ್ತಾ ಸ್ವಲ್ಪ ಜೋರಾಗಿ ನಡೀತೀವಲ್ಲ, ಯಾರಾದ್ರೂ ಅದರೊಳಗಿಂದ ಬಂದ್ವಿ ಅಂತ ತಿಳ್ಕೊಂಡಾರು ಅಂತ? ನಾನೂ ಮೂರು ಸೆಮಿಸ್ಟರ್ ಹಂಗೇ ನಡೆದಿದ್ದೆ.

ಹೋದ ತಿಂಗಳ ಜಾತ್ರೆ ಫೋಟೋಗಳಿಗೆ ಬಿದ್ದಷ್ಟು ಲೈಕ್ ಇದಕ್ಕೆ ಬೀಳಲ್ಲ. ಬೀಳದಿದ್ರೂ ನಡೆಯುತ್ತೆ, ಆರೂ ಭಾಗ ಓದ್ರಿ ಸಾಕು. ಕಾಲೇಜಿನ ಹೆಸರು ಬರೆಯಲ್ಲ, ಕಮೆಂಟಲ್ಲಿ ನೀವೂ ಬರೀಬ್ಯಾಡ್ರಿ.

ನಮ್ಮ ಕಡೆಯವರಿಗೆ ಒಂದು ಮಾತು ಗೊತ್ತೇ ಇದೆ. ಯಾರಾದ್ರೂ ತಿಕ್ಕಲು ತಿಕ್ಕಲಾಗಿ ಆಡಿದ್ರೆ 'ಇವನನ್ನ ಧಾರವಾಡಕ್ಕ ಕಳಸಬೇಕು ನೋಡ' ಅಂತಾರೆ. ಅಲ್ಲಿ ಮಾನಸಿಕ ಆಸ್ಪತ್ರೆ ಇದೆ ಅನ್ನೋದಕ್ಕೆ. ಬೆಂಗಳೂರು ಕಡೆ ನಿಮ್ಹಾನ್ಸ್ ಹೆಸರು ಹೇಳ್ತಾರೆ, ನಮಗೆ ಧಾರವಾಡ. 2022ರಲ್ಲಿ ನನಗೆ ಧಾರವಾಡದಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಾಗ ಇಡೀ ಓಣಿಗೆ ಅದೇ ಜೋಕು. 'ಕಡೀಕೂ ಧಾರವಾಡಕ್ಕ ಹೊಂಟ ನೋಡ್ರಿ' ಅಂತ ನಮ್ಮ ಆಯಿನೇ ನಕ್ಕಿದ್ಲು. ನಾನೂ ನಕ್ಕಿದ್ದೆ. ಒಂದೂವರೆ ವರ್ಷದ ಮೇಲೆ ಆ ಬಾಗಿಲ ಮುಂದೆ ನಿಂತಾಗ ನೆನಪಾಗಿದ್ದು ಅದೇ ಜೋಕು.

2/6

ಕಾರಣ ದೊಡ್ಡದೇನಲ್ಲ, ನಿಮ್ಮಲ್ಲಿ ಅರ್ಧ ಮಂದಿಗೆ ಇರೋದೇ. ಮೂರನೇ ಸೆಮಿಸ್ಟರ್‌ನಲ್ಲಿ ಮೂರು ಬ್ಯಾಕ್. ಎಸ್ಸೆಸ್ಸೆಲ್ಸಿಯಲ್ಲಿ ಊರಿಗೇ ಫಸ್ಟ್ ಬಂದು ಗ್ರಾಮ ಪಂಚಾಯ್ತಿಯಲ್ಲಿ ಶಾಲು ಹೊದಿಸಿಕೊಂಡವನು ನಾನು. ಆ ಶಾಲು ಇನ್ನೂ ಮನೇಲಿ ಟ್ರಂಕಿನಲ್ಲಿದೆ. ಅಪ್ಪ ಫೀ ಕಟ್ಟೋದಕ್ಕೆ ಹೊಲ ಅಡವಿಟ್ಟಿದ್ದ. ರಿಸಲ್ಟ್ ಬಂದ ದಿನ ಫೋನ್ ಮಾಡಿ 'ಎಲ್ಲಾ ಪಾಸಾತು' ಅಂದೆ. ಅವತ್ತು ಅವ್ವ ಹೋಳಿಗೆ ಮಾಡಿದ್ಲಂತೆ.

ಆಮೇಲೆ ನಿದ್ದೆ ಹೋಯ್ತು. ರಾತ್ರಿ ಮೂರಕ್ಕೆ ಎಚ್ಚರ, ಬೆಳಗ್ಗೆ ಎಂಟಕ್ಕೆ ಏಳೋಕಾಗಲ್ಲ. ಮೆಸ್‌ಗೆ ಹೋಗೋದು ಬಿಟ್ಟೆ. ಕ್ಲಾಸಿಗೂ. ರೂಮ್‌ಮೇಟ್ ಮೊದಲು ಬೈದ, ಆಮೇಲೆ ಸುಮ್ಮನಾದ. ಒಂದಿನ 'ನಡಿ, ಚಾ ಕುಡಿಯೋಣ' ಅಂತ ಕರ್ಕೊಂಡು ಹೋಗಿ, ಚಾ ಅಂಗಡಿ ದಾಟಿಸಿ ಎರಡನೇ ಮಹಡಿ ಹತ್ತಿಸಿದ. ಅವನ ಮೇಲೆ ಎಷ್ಟು ಸಿಟ್ಟು ಬಂತು ಅಂದ್ರೆ, ಮೆಟ್ಟಿಲ ಮೇಲೇ ಜಗಳ. ಅವನು ಮಾಡಿದ್ದು ಇಷ್ಟೇ: ನನ್ನ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಹೊರಗೆ ಕೂತ. ಬರಿಗಾಲಲ್ಲಿ ಎಲ್ಲಿ ಓಡ್ತಾನೆ ಅಂತ.

ಬಾಗಿಲಲ್ಲಿ ಅಟೆಂಡರ್ ಕಾಕಾ ಇದ್ರು. ಹೆಸರು ಕೇಳಲಿಲ್ಲ, ಬ್ರಾಂಚ್ ಕೇಳಲಿಲ್ಲ. 'ಒಳಗ ಒಬ್ಬರು ಅದಾರ, ಹತ್ತು ನಿಮಿಷ. ಸ್ಟೋರ್ ರೂಮಿನ್ಯಾಗ ಕೂಡ್ತಿ ಏನು? ಅಲ್ಲೆ ಯಾರೂ ನೋಡೂದಿಲ್ಲ' ಅಂದ್ರು. ಆ ಸ್ಟೋರ್ ರೂಮ್ ಅಲ್ಲೇ ಯಾಕೆ ಇರಬೇಕು ಅಂತ ಅವತ್ತು ತಿಳೀತು. ಯೋಚನೆ ಮಾಡಿ ಮಾಡಿದ್ದಲ್ಲ ಬಿಡ್ರಿ, ಜಾಗ ಇಲ್ಲ ಅಂತ ಕೊಟ್ಟಿದ್ದು. ಆದ್ರೂ ನಮ್ಮಂಥ ಎಷ್ಟು ಜನರ ಮುಖ ಉಳಿಸಿದೆ ಆ ಕತ್ತಲೆ ಕೋಣೆ.

3/6

ಮೇಡಂ ಮೊದಲ ಮಾತು: 'ಬನ್ನಿ, ಕೂತ್ಕೊಳ್ಳಿ.'

ಬನ್ನಿ! ಮೂರನೇ ಸೆಮ್ ಹುಡುಗನಿಗೆ ಕಾಲೇಜಲ್ಲಿ ಯಾರು ಬನ್ನಿ ಅಂತಾರೆ? ಅವರು ಶಿವಮೊಗ್ಗ ಕಡೆಯವರು. ವಯಸ್ಸು ನಮ್ಮ ಅಕ್ಕನಷ್ಟು ಇರಬೇಕು. ಕೂತ ಕೂಡಲೇ ಒಂದು ವಿಷಯ ಹೇಳಿದ್ರು. ಇಲ್ಲಿ ಹೇಳಿದ್ದು ಎಚ್‌ಒಡಿಗೂ ಹೋಗಲ್ಲ, ಮನೆಗೂ ಹೋಗಲ್ಲ. ಆದ್ರೆ ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಅಂತ ಕಂಡ್ರೆ, ಇಲ್ಲಾ ಕೋರ್ಟ್ ಕೇಳಿದ್ರೆ, ಆಗ ಮಾತ್ರ ನಾನು ಸುಮ್ಮನಿರೋ ಹಾಗಿಲ್ಲ, ಅದನ್ನೂ ನಿಮಗೆ ಹೇಳಿಯೇ ಮಾಡೋಕೆ ಪ್ರಯತ್ನ ಮಾಡ್ತೀನಿ ಅಂದ್ರು. ನನಗೆ ನಂಬಿಕೆ ಬರಲಿಲ್ಲ. ಎಷ್ಟೋ ತಿಂಗಳಾದ ಮೇಲೆ ಕಾಕಾ ಹೇಳಿದ್ರು: ನಮ್ಮ ಡಿಪಾರ್ಟ್‌ಮೆಂಟ್ ಸರ್ ಒಬ್ಬರು ಆ ರೂಮಿಗೇ ಬಂದು 'ಆ ಹುಡುಗ ಏನಂದ?' ಅಂತ ಕೇಳಿದ್ರಂತೆ. 'ಯಾವ ಹುಡುಗ ಸರ್?' ಅಂದ್ರಂತೆ ಮೇಡಂ. ಗುಟ್ಟು ಕಾಯೋದು ಅವರ ದೊಡ್ಡ ಗುಣ ಅಂತ ಆಗ ಅನ್ಕೊಂಡೆ. ಗುಣ ಹೌದು, ಅದರ ಜೊತೆಗೆ ಅದು ನಮ್ಮ ಹಕ್ಕು ಕೂಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಗೋಪ್ಯತೆಯ ಹಕ್ಕು ಬರೆದಿದೆ.

ಸಮಸ್ಯೆ ಏನು ಅಂತ ಕೇಳ್ತಾರೆ ಅಂತ ಕಾಯ್ತಿದ್ದೆ. ಅವರು ಕೇಳಿದ್ದು ನಿನ್ನೆ ಎಷ್ಟು ಹೊತ್ತಿಗೆ ಮಲಗಿದ್ರಿ, ಏನು ತಿಂದ್ರಿ, ಯಾರ ಜೊತೆ ಮಾತಾಡಿದ್ರಿ. ಎಲ್ಲಾ ಸಣ್ಣ ಪ್ರಶ್ನೆ. ಉತ್ತರ ಹೇಳ್ತಾ ಹೇಳ್ತಾ ನನಗೇ ಗಾಬರಿ ಆಯ್ತು, ನಾನು ನಾಲ್ಕು ದಿನದಿಂದ ರೂಮ್‌ಮೇಟ್ ಬಿಟ್ರೆ ಯಾರ ಜೊತೆಗೂ ಮಾತಾಡಿರಲಿಲ್ಲ.

ಆಮೇಲೆ, ಅದೇ ದನಿಯಲ್ಲಿ, 'ಸಾಯಬೇಕು ಅನ್ನೋ ಯೋಚನೆ ಬರ್ತಾ ಇದೆಯಾ?' ಅಂದ್ರು.

ಯಾರೂ ನನ್ನನ್ನ ಹಿಂಗೆ ನೇರ ಕೇಳಿರಲಿಲ್ಲ. 'ಹಂಗೇನಿಲ್ರಿ ಮೇಡಂ. ಮುಂಜಾನೆ ಎಚ್ಚರ ಆಗದಿದ್ರ ಚೊಲೋ ಅನಸ್ತೇತಿ, ಅಷ್ಟ' ಅಂದೆ. ಅಷ್ಟ ಅಂತೆ! ಅವರು ಬೆಚ್ಚಲಿಲ್ಲ, ಬೈಯಲಿಲ್ಲ, 'ತಂದೆ ತಾಯಿ ನೆನಪು ಮಾಡ್ಕೊಳ್ಳಿ' ಅಂತ ಭಾಷಣ ಮಾಡಲಿಲ್ಲ. ದಿನಕ್ಕೆ ಎಷ್ಟು ಸಲ ಅನ್ಸುತ್ತೆ, ಏನಾದ್ರೂ ಮಾಡ್ಕೊಳ್ಳೋಣ ಅಂತ ಹೊಂಚಿದ್ದು ಉಂಟಾ ಅಂತ ಒಂದೊಂದೇ ಕೇಳಿದ್ರು. ರಾತ್ರಿ ಮೂರಕ್ಕೆ ಎಚ್ಚರ ಆದ್ರೆ ಯಾರನ್ನ ಎಬ್ಬಿಸ್ತೀರಿ ಅಂತ ಚೀಟಿಯಲ್ಲಿ ಬರೆಸಿದ್ರು. ರೂಮ್‌ಮೇಟ್ ಹೆಸರು ಬರೆದೆ. ಅದರ ಕೆಳಗೆ 14416 ಅಂತ ಅವರೇ ಬರೆದ್ರು. ಟೆಲಿ ಮನಸ್, ಸರ್ಕಾರದ್ದು, 2022ರ ಅಕ್ಟೋಬರ್ 10ರಂದು ಶುರುವಾಗಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದ್ರೂ, ಕನ್ನಡದಲ್ಲೇ ಮಾತಾಡಬಹುದು.

ಗೆಳೆಯರಲ್ಲಿ ಯಾರ ಬಗ್ಗೆಯಾದ್ರೂ ಅನುಮಾನ ಇದ್ರೆ ನೀವೂ ಹಿಂಗೇ ಕೇಳ್ರಿ. ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದಂಗೆ ಆಗುತ್ತೆ ಅಂತ ನಾನೂ ಹೆದರ್ತಿದ್ದೆ. ಹಂಗಾಗಲ್ಲ. ನನಗಂತೂ ಅವತ್ತು ಕಲ್ಲಿನ ಚೀಲ ಯಾರೋ ಒಂದು ಕಡೆ ಹಿಡ್ಕೊಂಡಂಗೆ ಆಗಿತ್ತು.

4/6

ಡಿಎಂನಲ್ಲಿ ಕೇಳಿದವರಿಗೆ ಇಲ್ಲೇ ಉತ್ತರ. ಇಲ್ಲ, ಅವರು ಮಾತ್ರೆ ಕೊಡಲ್ಲ. ಮಾತ್ರೆ ಬರೆಯೋರು ಮನೋವೈದ್ಯರು, ಅವರು ಎಂಬಿಬಿಎಸ್ ಮುಗಿಸಿ ಅದರಲ್ಲೇ ಮುಂದೆ ಓದಿದ ಡಾಕ್ಟರ್. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರೆ ಬೇರೆ, ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಕಾಲೇಜಲ್ಲಿ ಕೂತಿರೋ ಆಪ್ತ ಸಮಾಲೋಚಕರು ಬಹಳ ಸಲ ಸೈಕಾಲಜಿ ಎಂಎಸ್ಸಿ ಇಲ್ಲಾ ಎಂಎಸ್‌ಡಬ್ಲ್ಯೂ ಓದಿದವರು. ತಮ್ಮ ಕೈ ಮೀರಿದ್ದು ಅನ್ಸಿದ್ರೆ ಆಸ್ಪತ್ರೆಗೆ ಕಳಿಸ್ತಾರೆ. ನನ್ನನ್ನೂ ಒಂದು ಸಲ ಕಳಿಸಿದ್ರು. ಹೌದು, ಅದೇ ಧಾರವಾಡದ ಆಸ್ಪತ್ರೆಗೆ. ಆಯಿಗೆ ಇನ್ನೂ ಹೇಳಿಲ್ಲ. ಒಪಿಡಿಯಲ್ಲಿ ನನ್ನ ಪಕ್ಕ ಒಬ್ಬ ಬ್ಯಾಂಕ್ ಮ್ಯಾನೇಜರ್, ಈ ಕಡೆ ಕೂಸು ಎತ್ತಿಕೊಂಡ ಹೆಣ್ಣುಮಗಳು. ಚೀಟಿ ಹಿಡ್ಕೊಂಡು ಎಲ್ಲರೂ ಪಾಳಿಗೆ ಕಾಯ್ತಿದ್ರು, ರೇಷನ್ ಅಂಗಡಿ ಮುಂದೆ ಕಾದಂಗೆ. ಅಷ್ಟೇ ಅದು.

ಮೊದಲ ಮೂರು ವಾರ ನನಗೆ ಮೇಡಂ ಮೇಲೆ ಸಿಟ್ಟಿತ್ತು. ಒಂದು ಸಲಹೆ ಕೊಡಲ್ಲ! 'ಹಿಂಗೆ ಮಾಡು' ಅಂತ ಹೇಳಿದ್ರೆ ಮುಗೀತಲ್ಲ. ಇಷ್ಟಕ್ಕೆ ಸಂಬಳ ಕೊಡ್ತಾರಾ ಅಂತಾನೂ ಅನ್ಸಿತ್ತು. ಅವರು ಕೇಳ್ತಾ ಕೂತಿದ್ರು. ನಾಲ್ಕನೇ ವಾರ ನಾನೇ ಅಂದೆ, ಅಪ್ಪಗ ಹೇಳಬೇಕ್ರಿ ಅಂತ. 'ಹಾಗಾದ್ರೆ ಇಲ್ಲೇ ಒಂದು ಸಲ ಹೇಳಿ ನೋಡಿ. ನಾನೇ ನಿಮ್ಮಪ್ಪ' ಅಂದ್ರು.

ನಮ್ಮಪ್ಪ ಹೆಂಗೆ ಮಾತಾಡ್ತಾನೆ ಅಂತ ಕೇಳಿ ತಿಳ್ಕೊಂಡ್ರು. ನಾನು ಕೈಯನ್ನೇ ಫೋನ್ ಮಾಡ್ಕೊಂಡು ಕಿವಿಗಿಟ್ಟು 'ಅಪ್ಪಾ...' ಅಂದೆ. ಮೇಡಂ ಗಂಟಲು ದಪ್ಪ ಮಾಡಿ, 'ಏನ್ ಮಗಾ, ಚೆನ್ನಾಗಿದೀಯೇನೋ ಐತಿ?' ಅಂದ್ರು.

ಚೆನ್ನಾಗಿದೀಯೇನೋ ಐತಿ! ಕೊಪ್ಪಳ ಜಿಲ್ಲೆಯಲ್ಲಿ ಯಾವ ಅಪ್ಪ ಹಂಗಂತಾನೆ ಹೇಳ್ರಿ? ನಾನು ನಕ್ಕುಬಿಟ್ಟೆ. ಎರಡು ತಿಂಗಳಲ್ಲಿ ಮೊದಲ ಸಲ. ಹೊಟ್ಟೆ ಹಿಡ್ಕೊಂಡು ನಕ್ಕೆ, ಆ ನಗು ಯಾವಾಗ ಅಳು ಆಯ್ತೋ ಗೊತ್ತಾಗಲಿಲ್ಲ. ಅವರು ಟಿಶ್ಯೂ ಡಬ್ಬಿ ನನ್ನ ಕಡೆ ಸರಿಸಲಿಲ್ಲ ಕೂಡ, ಮೇಜಿನ ಮೇಲೆ ಕೈಗೆ ಸಿಗೋ ಹಂಗೆ ಮೊದಲೇ ಇತ್ತು. ಆಮೇಲೆ ಅವರಿಗೆ ನಮ್ಮ ಮಾತು ಕಲಿಸಿದೆ. 'ಊಟ ಆತೇನು' ಅಂತಾನ್ರಿ, ಮೊದಲು ಅದನ್ನ ಕೇಳ್ತಾನ. ಐದಾರು ಸಲ ಪ್ರಾಕ್ಟೀಸ್ ಆಯ್ತು. ಒಂದು ಸಲ ಅಪ್ಪ ಬೈದ, ಒಂದು ಸಲ ಫೋನ್ ಇಟ್ಟ, ಒಂದು ಸಲ ಅತ್ತ.

ನಿಜವಾದ ಅಪ್ಪ ಇದ್ಯಾವುದನ್ನೂ ಮಾಡಲಿಲ್ಲ. ಪೂರ್ತಿ ಕೇಳಿಸ್ಕೊಂಡು, ಬಹಳ ಹೊತ್ತು ಸುಮ್ಮನಿದ್ದು, 'ಊಟ ಆತೇನು?' ಅಂದ. ಇಟ್ಟ. ಮೂರು ದಿನ ಫೋನ್ ಇಲ್ಲ. ಆ ಮೂರು ದಿನ ನಾನು ಹೆಂಗೆ ಕಳೆದೆ ಅಂತ ಇಲ್ಲಿ ಬರೆಯಲ್ಲ, 14416 ಕೆಲಸಕ್ಕೆ ಬಂತು ಅಂತಷ್ಟೇ ಹೇಳ್ತೀನಿ. ನಾಲ್ಕನೇ ದಿನ ಫೋನ್ ಮಾಡಿ, 'ಮತ್ತ ಪರೀಕ್ಷಾ ಯಾವಾಗ ಐತಿ?' ಅಂತ ಕೇಳಿದ.

5/6

ಇನ್ನು ಮೇಡಂ ಬಗ್ಗೆ.

ಅವರದು ಹತ್ತು ತಿಂಗಳ ಕಾಂಟ್ರ್ಯಾಕ್ಟ್. ವಾರಕ್ಕೆ ಮೂರು ದಿನ ನಮ್ಮ ಕ್ಯಾಂಪಸ್, ಉಳಿದ ದಿನ ಇನ್ನೊಂದು ಕಾಲೇಜಲ್ಲಿ ಪಾಠ. ನಮ್ಮಲ್ಲಿ ಸಾವಿರಾರು ಹುಡುಗ ಹುಡುಗಿಯರು, ಅವರೊಬ್ಬರು. ಒಬ್ಬರಿಗೆ ಮುಕ್ಕಾಲು ಗಂಟೆ ಅಂದ್ರೂ ದಿನಕ್ಕೆ ಎಷ್ಟು ಜನ ಆದೀತು, ನೀವೇ ಲೆಕ್ಕ ಹಾಕ್ರಿ. ಅದರ ಮೇಲೆ ಅಡ್ಮಿಶನ್ ಟೈಮಲ್ಲಿ ಅವರನ್ನ ಕೌಂಟರ್‌ಗೆ ಹಾಕ್ತಿದ್ರು, 'ಕೌನ್ಸೆಲಿಂಗ್' ಅಂದ್ರೆ ಸೀಟು ಹಂಚೋ ಕೌನ್ಸೆಲಿಂಗ್ ಅಂತ ತಿಳ್ಕೊಂಡಿದ್ರೋ ಏನೋ!

ಒಂದಿನ ಕೇಳಿದೆ, 'ಮೇಡಂ, ಎಲ್ಲಾರೂ ನಿಮಗ ಹೇಳ್ತಾರ. ನೀವು ಯಾರಿಗೆ ಹೇಳ್ತೀರಿ?' ಸ್ವಲ್ಪ ಹೊತ್ತು ನನ್ನ ನೋಡಿದ್ರು. ಹದಿನೈದು ದಿನಕ್ಕೊಮ್ಮೆ ತನಗಿಂತ ಅನುಭವಸ್ಥರ ಜೊತೆ ಕೂತು, ಯಾರ ಹೆಸರೂ ಹೇಳದೆ, ತನ್ನ ಕೆಲಸ ಸರಿ ಇದೆಯಾ ಅಂತ ಮಾತಾಡ್ತೀನಿ ಅಂದ್ರು. ಈ ಕೆಲಸ ಮಾಡೋರಿಗೆ ಅದು ಬೇಕೇ ಬೇಕಂತೆ. ಅದರ ದುಡ್ಡು ಯಾರು ಕೊಡ್ತಾರ್ರಿ ಅಂತ ಕೇಳಿದೆ. ನಕ್ಕು ಸುಮ್ಮನಾದ್ರು.

ನಾಲ್ಕು ವಾರ ಮೊದಲೇ ಹೇಳಿದ್ರು, ಕಾಂಟ್ರ್ಯಾಕ್ಟ್ ಮುಗೀತಿದೆ, ಮುಂದುವರಿಸ್ತಿಲ್ಲ ಅಂತ. ನಂಬರ್ ಕೊಡ್ರಿ ಅಂದೆ. ಕೊಡಲಿಲ್ಲ. 'ನಿಮ್ಮಂಥ ಐವತ್ತು ಜನ ಇದಾರೆ. ಫೋನಲ್ಲಿ ಅರ್ಧ ಕೇಳಿ ಅರ್ಧ ಬಿಟ್ರೆ ನಿಮಗೇ ತೊಂದರೆ. ಎಲ್ಲಿಗೆ ಹೋಗಬೇಕು ಅಂತ ಬರೆದು ಕೊಡ್ತೀನಿ' ಅಂದ್ರು. ಆಗ ಮೋಸ ಅನ್ಸಿತ್ತು. ಈಗಲೂ ಪೂರ್ತಿ ಒಪ್ಪಿಗೆ ಇಲ್ಲ, ಸುಳ್ಳು ಯಾಕೆ ಹೇಳಲಿ. ಆದ್ರೆ ಕೊನೇ ದಿನದವರೆಗೂ ಒಂದು ವಾರ ತಪ್ಪಿಸದೆ ಕೂತ್ರಲ್ಲ, ಹೋಗೋದನ್ನ ಮುಚ್ಚಿಡದೆ ಹೇಳಿದ್ರಲ್ಲ, ನನ್ನ ಜೀವನದಲ್ಲಿ ಹಂಗೆ ಹೇಳಿ ಹೋದವರು ಕಡಿಮೆ.

2024ರ ಜೂನ್‌ನಿಂದ ಆ ಬಾಗಿಲಿಗೆ ಬೀಗ. ಒಂದು ವರ್ಷಕ್ಕಿಂತ ಜಾಸ್ತಿ. ಎರಡನೇ ಫೋಟೋ ಅದೇ. ಬೀಗದ ಮೇಲೆ ಧೂಳು ನೋಡ್ರಿ.

6/6

2025ರ ಜುಲೈ 25ಕ್ಕೆ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಡ್ತು. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದ್ತಿದ್ದ 17 ವರ್ಷದ ಹುಡುಗಿಯ ಸಾವಿನ ಪ್ರಕರಣದಲ್ಲಿ. ಇಡೀ ದೇಶಕ್ಕೆ ಮಾರ್ಗಸೂಚಿ ಹಾಕಿದ್ರು: 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರೋ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಸಮಾಲೋಚಕರೋ, ಮನಶ್ಶಾಸ್ತ್ರಜ್ಞರೋ, ಸಮಾಜ ಕಾರ್ಯಕರ್ತರೋ ಇರಲೇಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆ ಹೊರಗಿನವರ ಜೊತೆ ವ್ಯವಸ್ಥೆ ಮಾಡ್ಕೋಬೇಕು.

ರೂಮ್‌ಮೇಟ್ ಆ ಸುದ್ದಿಯ ಪ್ರಿಂಟ್ ತಂದ. ಅರ್ಜಿ ನಾನು ಬರೆದೆ. ಸಹಿ ಹಾಕೋಕೆ ಮಾತ್ರ ಯಾರೂ ಬರಲಿಲ್ಲ. 'ಸಹಿ ಹಾಕಿದ್ರ ನಾನೂ ಹೋಗ್ತೀನಿ ಅಂದಂಗ ಆಗತೈತಲ್ಲೋ' ಅಂದವರು ನೀವೇ, ಹೆಸರು ಹೇಳಲ್ಲ. ಕೊನೆಗೆ ಹನ್ನೊಂದು ಸಹಿ ಆಯ್ತು. ಹನ್ನೆರಡನೆಯದು ಕಾಕಾನದು, ಅವರ ಸಹಿ ಅರ್ಜಿಯಲ್ಲಿ ನಡೆಯಲ್ಲ ಅಂತ ಆಫೀಸಿನವರು ಹೊಡೆದು ಹಾಕಿದ್ರು. ನಾಲ್ಕು ಸಲ ಆಫೀಸ್ ಮೆಟ್ಟಿಲು ಹತ್ತಿದ ಮೇಲೆ, ದೀಪಾವಳಿ ರಜೆ ಮುಗಿಸಿ ಬಂದಾಗ ಬೀಗ ತೆಗೆದಿತ್ತು. ಈ ಸಲ ಒಬ್ಬರು ಸರ್, ಕಲಬುರಗಿ ಕಡೆಯವರು. ಇವರದೂ ಹತ್ತೇ ತಿಂಗಳು. ಹಂಗಾಗಿ ಮುಂದಿನ ಅರ್ಜಿ ಜೂನಿಯರ್‌ಗಳು ಬರೀಬೇಕು, ಫಾರ್ಮ್ಯಾಟ್ ನನ್ನ ಹತ್ರ ಇದೆ, ಕೇಳ್ರಿ.

ಮೂರನೇ ಫೋಟೋ ಹೋದ ಗುರುವಾರದ್ದು. ಒಬ್ಬ ಜೂನಿಯರ್ ನನಗೆ ಮೆಸೇಜ್ ಮಾಡಿದ್ದ, 'ಅಣ್ಣಾ, ಅಲ್ಲಿ ಒಳಗ ಏನ್ ಮಾಡ್ತಾರ?' ಅಂತ. ಅದಕ್ಕೆ ಉತ್ತರ ಅಂತಲೇ ಇದನ್ನೆಲ್ಲ ಬರೆದೆ. ಅವನನ್ನ ಕರ್ಕೊಂಡು ಹೋದೆ. ಸ್ಟೋರ್ ರೂಮಲ್ಲಿ ಹತ್ತು ನಿಮಿಷ ಕೂತ್ವಿ, ಹಳೇ ಉತ್ತರ ಪತ್ರಿಕೆಗಳ ವಾಸನೆ. ಅವನು ಒಳಗೆ ಹೋದ. ನಾನೂ ಕಾಕಾನೂ ಹೊರಗೆ ಬೆಂಚಿನ ಮೇಲೆ ಗಿರಮಿಟ್ ತಿಂದ್ವಿ.

ಮುಕ್ಕಾಲು ಗಂಟೆ ಆದ ಮೇಲೆ ಬಂದ. ಕಣ್ಣು ಕೆಂಪಗಿತ್ತು. ಏನಾಯ್ತು ಅಂತ ನಾನು ಕೇಳಲಿಲ್ಲ. ಅವನು ಬೆಂಚಿನ ಕೆಳಗೆ ನೋಡಿ, 'ಅಣ್ಣಾ, ನನ್ನ ಚಪ್ಪಲಿ ಎಲ್ಲಿ?' ಅಂದ.

ನನ್ನ ಕೈಯಲ್ಲೇ ಇದ್ವು. ಕೊಟ್ಟೆ.