ಕೊಂಕಣ, ಮೈಲಾರ, ವಿಲ್ಯಾನ್

ಸಿಸ್ಕೋ ಸ್ವಿಚ್ಚಿನ ಕನ್ಸೋಲಿನಲ್ಲಿ ‘ಐಪಿ ರೂಟಿಂಗ್’ ಎಂದು ಬಡಿದು ಎಂಟರ್ ಒತ್ತುವ ಸುಖ ಬಲ್ಲವರೇ ಬಲ್ಲರು. ಅಷ್ಟು ಹೊತ್ತೂ ಒಂದೇ ಪೆಟ್ಟಿಗೆಯಲ್ಲಿದ್ದು ಪರಸ್ಪರ ಮುಖ ನೋಡದಿದ್ದ 192.168.10.0, 192.168.20.0 ಎಂಬ ಎರಡು ಸಬ್‌ನೆಟ್‌ಗಳು ಒಮ್ಮೆಲೇ ಮಾತಿಗಿಳಿಯುತ್ತವೆ. ಪಿಂಗ್ ಹೋಗುತ್ತದೆ, ಉತ್ತರ ಬರುತ್ತದೆ.

ಈ ಸುಖಕ್ಕೆ ಕಲ್ಲು ಹಾಕುವವರು ‘ರೂಟರ್ ಆನ್ ಎ ಸ್ಟಿಕ್’ ಪಕ್ಷದವರು. ರ‍್ಯಾಕಿನಲ್ಲಿ ಲೇಯರ್ ತ್ರೀ ಸ್ವಿಚ್ಚೇ ಕೂತಿದ್ದರೂ, ಪರೀಕ್ಷೆಗೆ ಓದಿದ್ದನ್ನು ಬಿಡಲಾರದೆ, ಪಕ್ಕದಲ್ಲೊಂದು ರೂಟರ್ ಇಟ್ಟು ಒಂದೇ ಟ್ರಂಕ್ ಕೇಬಲ್ ಎಳೆಯುತ್ತಾರೆ. ಮೂರನೇ ಪೋರ್ಟಿನಿಂದ ನಾಲ್ಕನೆಯದಕ್ಕೆ ಹೋಗಬೇಕಾದ ಪ್ಯಾಕೆಟ್ಟು ಟ್ರಂಕ್ ಹತ್ತಿ ರೂಟರಿಗೆ ಹೋಗಿ, ಟ್ಯಾಗ್ ಬದಲಿಸಿಕೊಂಡು, ಬಂದ ಕೇಬಲಿನಲ್ಲೇ ವಾಪಸಾಗಬೇಕು: ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತೆ! 24 ಗಿಗಾಬಿಟ್ ಪೋರ್ಟುಗಳ ಸಬ್‌ನೆಟ್ ದಾಟುವ ವ್ಯವಹಾರವೆಲ್ಲ ಒಂದೇ ಗಿಗಾಬಿಟ್ಟಿನ ಆ ಕೇಬಲಿನಲ್ಲಿ ನುಸುಳಬೇಕು. ಲೇಯರ್ ತ್ರೀ ಸ್ವಿಚ್ಚಿನಲ್ಲಾದರೆ ಚಿಪ್ಪೇ ಟಿಟಿಎಲ್ ಒಂದು ಇಳಿಸಿ, ಹೊಸ ಮ್ಯಾಕ್ ವಿಳಾಸ ಬರೆದು, ಪ್ಯಾಕೆಟ್ಟನ್ನು ಆಚೆ ದಾಟಿಸುತ್ತದೆ. ಸಿಪಿಯುಗೆ ಸುದ್ದಿಯೂ ಮುಟ್ಟುವುದಿಲ್ಲ. ಇರುವುದು ಹಳೆಯ ಲೇಯರ್ ಟು ಸ್ವಿಚ್ಚು, ಹೊಸದಕ್ಕೆ ಕಾಸಿಲ್ಲ ಎಂದರೆ ಒಪ್ಪೋಣ. ಕಾಸು ಕೊಟ್ಟು ತಂದಮೇಲೂ ಹೀಗೇಕೆ?

ಹೊಸಬರ ಪೇಚಾಟ ಬೇರೆ. ‘ಇಂಟರ್‌ಫೇಸ್ ವಿಲ್ಯಾನ್ 30’ ಬರೆದು ಐಪಿ ಕೊಟ್ಟಾಗಿದೆ, ಆದರೂ ಅದು ಡೌನ್. ‘ನೋ ಶಟ್‌ಡೌನ್’ ಎಂದು ಮತ್ತೆ ಮತ್ತೆ ಬಡಿಯುತ್ತಾರೆ. ಆ ವಿಲ್ಯಾನಿನಲ್ಲಿ ಜೀವ ಇರುವ ಪೋರ್ಟು ಒಂದೂ ಇಲ್ಲ, ಅಷ್ಟೇ. ಅದಕ್ಕೆ ಸೇರಿದ ಪೋರ್ಟಿಗೆ ಒಂದು ಲ್ಯಾಪ್‌ಟಾಪ್ ಚುಚ್ಚಿದರೆ ತಾನಾಗಿ ಏಳುತ್ತದೆ.

ಇದೆಲ್ಲ ನಕ್ಕು ಬಿಡುವ ಮಾತು. ನಗು ಬಾರದ್ದು ಒಂದಿದೆ. 802.1ಕ್ಯೂ ಪ್ರಕಾರ 4094 ವಿಲ್ಯಾನ್‌ಗಳಿಗೆ ಅವಕಾಶವಿದೆ ಎಂದು ಲೆಕ್ಕಪತ್ರಕ್ಕೊಂದು, ಕ್ಯಾಮೆರಾಗಳಿಗೊಂದು, ಅತಿಥಿಗಳ ವೈಫೈಗೊಂದು ಮಾಡುತ್ತಾರೆ, ರೂಟಿಂಗ್ ಹಚ್ಚುತ್ತಾರೆ, ಒಂದೇ ಒಂದು ಆಕ್ಸೆಸ್ ಲಿಸ್ಟ್ ಬರೆಯದೆ ಮನೆಗೆ ಹೋಗುತ್ತಾರೆ. ಪಾಸ್‌ವರ್ಡ್ ಬದಲಿಸದ ಅಗ್ಗದ ಕ್ಯಾಮೆರಾ ಈಗ ಸಂಬಳದ ಸರ್ವರಿನ ಬಾಗಿಲು ತಟ್ಟಬಹುದು. ಹಾಗಿದ್ದರೆ ಬೇರೆ ಬೇರೆ ಮಾಡಿದ್ದಾದರೂ ಯಾವ ಪುರುಷಾರ್ಥಕ್ಕೆ? ನಕ್ಷೆಯಲ್ಲಿ ಬಣ್ಣ ತುಂಬಲಿಕ್ಕೆ?

ಲಿಸ್ಟ್ ಬರೆದರೂ ಸ್ವಿಚ್ಚಿಗೆ ನೆನಪಿನ ಶಕ್ತಿ ಕಮ್ಮಿ. ಬಂದ ಪ್ಯಾಕೆಟ್ಟು ಯಾವ ಪ್ರಶ್ನೆಗೆ ಉತ್ತರ ಎಂಬುದು ಅದಕ್ಕೆ ತಿಳಿಯದು. ಸಂಪರ್ಕದ ಜಾಡು ಹಿಡಿಯುವುದು ಫೈರ್‌ವಾಲ್. ನಂಬಿಕೆಯಿಲ್ಲದವರ ಮಟ್ಟಿಗೆ ಸುತ್ತುದಾರಿಯೇ ಸರಿ. ಅತಿಥಿಗಳ ವೈಫೈ ಮತ್ತು ಕ್ಯಾಮೆರಾಗಳ ವಿಲ್ಯಾನ್‌ಗಳಿಗೆ ಸ್ವಿಚ್ಚಿನಲ್ಲಿ ಐಪಿ ಕೊಡಬೇಡಿ. ಅವುಗಳ ಗೇಟ್‌ವೇ ಫೈರ್‌ವಾಲಿನಲ್ಲೇ ಇರಲಿ.