ಬಿತ್ತದ ನೆಲದ ಗೇಣಿ

2017ರ ರಮಝಾನ್ ಮಳೆಗಾಲದ ಆರಂಭದಲ್ಲಿ ಬಂದಿತ್ತು. ಕೊನೆಯ ಹತ್ತು ದಿನಗಳನ್ನು ಮನೆಯವರೊಂದಿಗೆ ಕಳೆಯಲು ನಾನು ಬೆಂಗಳೂರಿನಿಂದ ಮರ್ಕಂಜಕ್ಕೆ ಬಂದಿದ್ದೆ. ಒಂದು ದಿನ ಅಸರ್ ನಮಾಝಿನ ಬಳಿಕ ಉಪ್ಪ ಹಳೆಯ ರಶೀದಿಯೊಂದನ್ನು ಹಿಡಿದು ನನ್ನ ಬಳಿ ಬಂದರು. ಅದು ಯತೀಂಖಾನೆಯೊಂದರ ರಶೀದಿ. ಉಪ್ಪ ಸಣ್ಣ ಮಟ್ಟದ ಅಡಿಕೆ ವ್ಯಾಪಾರಿ. ವ್ಯಾಪಾರದ ಝಕಾತಿನಲ್ಲಿ ಒಂದು ಪಾಲನ್ನು ಪ್ರತಿವರ್ಷ ಆ ಅನಾಥ ಮಕ್ಕಳಿಗಾಗಿ ಮೀಸಲಿಡುತ್ತಿದ್ದರು. ವಾಡಿಕೆಯಂತೆ ಬರುತ್ತಿದ್ದ ಸಂಗ್ರಾಹಕರು ಆ ವರ್ಷ ಬಂದಿರಲಿಲ್ಲ.

“ಮೋನೇ, ಇದರಲ್ಲಿ ಅವರ ವೆಬ್‌ಸೈಟಿನ ಹೆಸರಿದೆ. ಬ್ಯಾಂಕ್ ಖಾತೆಯ ನಂಬರ್ ಅಲ್ಲಿರಬಹುದು, ಸ್ವಲ್ಪ ನೋಡು” ಎಂದರು.

ಆ ಹೆಸರನ್ನು ಓದಿದಾಗ ನನ್ನ ಕೈ ತಣ್ಣಗಾಯಿತು. ಹತ್ತು ತಿಂಗಳ ಹಿಂದೆ ಅದನ್ನು ಖರೀದಿಸಿದವನು ನಾನೇ ಆಗಿದ್ದೆ.

ಇದು ಹೇಗಾಯಿತೆಂದು ಹೇಳಬೇಕಾದರೆ ಮೂರು ವರ್ಷ ಹಿಂದಕ್ಕೆ ಹೋಗಬೇಕು. 2014ರ ನವೆಂಬರ್ 1ರಂದು ಬೆಂಗಳೂರು, ಮಂಗಳೂರು, ಮೈಸೂರು ಸೇರಿ ಕರ್ನಾಟಕದ 12 ನಗರಗಳ ಇಂಗ್ಲಿಷ್ ಹೆಸರುಗಳು ಕನ್ನಡದ ಉಚ್ಚಾರಕ್ಕೆ ತಕ್ಕಂತೆ ಬದಲಾದವು. ಹೊಸ ಕಾಗುಣಿತದ ಡೊಮೈನ್ ಹೆಸರುಗಳಿಗೆ ನಾಳೆ ಬೆಲೆ ಬರುತ್ತದೆಂದು ಎಣಿಸಿ ನಾನು 11 ಹೆಸರುಗಳನ್ನು ನೋಂದಾಯಿಸಿದೆ. ಒಂದೊಂದಕ್ಕೂ ವರ್ಷಕ್ಕೆ ಸುಮಾರು 800 ರೂಪಾಯಿ. ಮಾರಾಟವಾಗುವ ತನಕ ಅವು ಸುಮ್ಮನೆ ಇರುವುದೇಕೆಂದು ‘ಪಾರ್ಕಿಂಗ್’ ಮಾಡಿದೆ.

ಪಾರ್ಕಿಂಗ್ ಎಂದರೆ ಇಷ್ಟೇ: ಹೆಸರು ನಮ್ಮದು, ಆದರೆ ಅದರಲ್ಲಿ ನಮ್ಮ ಒಂದಕ್ಷರವೂ ಇರುವುದಿಲ್ಲ. ಆ ಹೆಸರನ್ನು ಒಂದು ಕಂಪೆನಿಯ ಕಡೆಗೆ ತಿರುಗಿಸಿಬಿಟ್ಟರೆ ಅದು ಜಾಹೀರಾತುಗಳ ಪುಟವೊಂದನ್ನು ಅಲ್ಲಿ ತೋರಿಸುತ್ತದೆ. ಹೆಸರನ್ನು ತಾನೇ ಟೈಪ್ ಮಾಡಿಯೋ ಹಳೆಯ ಕೊಂಡಿಯ ಮೂಲಕವೋ ಬಂದ ವ್ಯಕ್ತಿ ಜಾಹೀರಾತನ್ನು ಒತ್ತಿದರೆ ಜಾಹೀರಾತುದಾರನು ಕೊಟ್ಟ ಹಣದಲ್ಲಿ ಒಂದು ಪಾಲು ಹೆಸರಿನ ಮಾಲಿಕನಿಗೆ ಸಿಗುತ್ತದೆ. ಗೂಗಲ್ 2008ರ ಕೊನೆಯಲ್ಲಿ ಸಾಮಾನ್ಯರಿಗೂ ತೆರೆದಿದ್ದ ಇಂತಹ ಸೇವೆಯನ್ನು 2012ರಲ್ಲಿ ನಿಲ್ಲಿಸಿತ್ತು. ಆದರೆ ಪಾರ್ಕಿಂಗ್ ಕಂಪೆನಿಗಳ ಮೂಲಕ ಈ ವ್ಯವಹಾರ ನಡೆದೇ ಇತ್ತು.

ನನ್ನ 11 ಹೆಸರುಗಳಿಂದ ಮೊದಲ ವರ್ಷ ಬಂದದ್ದು 2,300 ರೂಪಾಯಿ. ನವೀಕರಣದ ಖರ್ಚೂ ಹುಟ್ಟಲಿಲ್ಲ. ಯಾರೂ ಕೇಳದ ಹೆಸರನ್ನು ಯಾರು ತಾನೇ ಟೈಪ್ ಮಾಡುತ್ತಾರೆ? ಆಗ ಅನುಭವಿಗಳು ಹೇಳುವ ದಾರಿ ಹಿಡಿದೆ. ಅದು ಅವಧಿ ಮುಗಿದು ಕೈಬಿಟ್ಟುಹೋದ ಹೆಸರುಗಳನ್ನು ಹಿಡಿಯುವ ದಾರಿ. ನವೀಕರಿಸದ ಹೆಸರು ಕೂಡಲೇ ಪರರ ಪಾಲಾಗುವುದಿಲ್ಲ. ಸಾಮಾನ್ಯವಾಗಿ ಕೆಲವು ವಾರಗಳ ರಿಯಾಯಿತಿ ಅವಧಿ, ದಂಡ ತೆತ್ತು ಬಿಡಿಸಿಕೊಳ್ಳಲು ಮತ್ತೆ 30 ದಿನ, ಅಳಿಸುವ ಮುನ್ನ 5 ದಿನ ಇರುತ್ತವೆ. ಅವೆಲ್ಲ ಕಳೆದ ಮೇಲೆ ಅದು ಮೊದಲು ಕೈ ಚಾಚಿದವನದ್ದು. 2016ರ ಆಗಸ್ಟಿನಲ್ಲಿ ಅಂತಹ ಪಟ್ಟಿಯೊಂದರಲ್ಲಿ ಈ ಯತೀಂಖಾನೆಯ ಹೆಸರು ಕಂಡಿತು. ಅದು ಯಾರದೆಂದು ನನಗೆ ತಿಳಿಯದೇ ಇರಲಿಲ್ಲ. ‘ಅವರೇ ಬಿಟ್ಟದ್ದು, ನಾನು ಕದ್ದದ್ದಲ್ಲ’ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಹತ್ತು ತಿಂಗಳಲ್ಲಿ ಆ ಒಂದೇ ಹೆಸರು 6,400 ರೂಪಾಯಿ ತಂದುಕೊಟ್ಟಿತು. ರಮಝಾನ್ ಬಂದಾಗಲಂತೂ ಸಂದರ್ಶಕರ ಸಂಖ್ಯೆ ಏರಿತು. ಆ ಏರಿಕೆಯನ್ನು ಕಂಡು ನಾನು ಸಂತೋಷಪಟ್ಟಿದ್ದೆ. ಈ ಮಾತನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮನೆಯೊಳಗೆ ನೆಟ್‌ವರ್ಕ್ ಸಿಗದ ಕಾರಣ ಅಂಗಳದ ಅಂಚಿಗೆ ಹೋಗಿ ಪುಟ ತೆರೆದೆ. ಉಪ್ಪ ಕನ್ನಡಕ ಏರಿಸಿ ನೋಡಿದರು. ‘ತಕ್ಷಣ ಸಾಲ’, ‘ಕಡಿಮೆ ಬಡ್ಡಿ’, ಕೆಳಗೆ ಹಣ ಕಟ್ಟಿ ಆಡುವ ಇಸ್ಪೀಟಿನ ಚಿತ್ರ, ಮೇಲ್ಗಡೆ ‘ಈ ಹೆಸರು ಮಾರಾಟಕ್ಕಿದೆ’.

“ಯತೀಂ ಮಕ್ಕಳ ಹೆಸರಿನಲ್ಲಿ ಬಡ್ಡಿಯೇ? ಯಾರು ಮೋನೇ ಇದನ್ನು ಮಾಡಿದ್ದು?”

ಗೊತ್ತಿಲ್ಲ ಎಂದು ಹೇಳಬಹುದಾಗಿತ್ತು. ಉಪವಾಸದ ಬಾಯಿಯಲ್ಲಿ ಆ ಸುಳ್ಳು ಹೊರಡಲಿಲ್ಲ. “ನಾನೇ ಉಪ್ಪ” ಎಂದೆ.

ಉಪ್ಪ ಬೈಯಲಿಲ್ಲ. ಜಗಲಿಯಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡರು. ಜಾಹೀರಾತುಗಳನ್ನು ಆರಿಸುವುದು ಯಂತ್ರ, ಹೆಸರನ್ನು ಬಿಟ್ಟವರು ಅವರೇ, ಕಾನೂನಿನ ಪ್ರಕಾರ ನಾನು ಶುಲ್ಕ ಕಟ್ಟಿದ್ದೇನೆ ಎಂದೆಲ್ಲ ವಿವರಿಸಿದೆ. ಕೊನೆಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: “ಜನರು ಅಲ್ಲಿಗೆ ಬಂದದ್ದು ಯಾರನ್ನು ಹುಡುಕಿಕೊಂಡು? ನಿನ್ನನ್ನೋ, ಆ ಮಕ್ಕಳನ್ನೋ?”

ನನ್ನಲ್ಲಿ ಉತ್ತರವಿರಲಿಲ್ಲ. ಉಪ್ಪ ಅಡಿಕೆಯ ಚೀಲ ಕಟ್ಟುವಾಗ ಕರಿಗೋಟನ್ನು ಒಳ್ಳೆಯ ಅಡಿಕೆಯ ಜೊತೆ ಬೆರೆಸಿದವರಲ್ಲ. ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಒದ್ದೆಯಾದುದನ್ನು ಅಡಿಯಲ್ಲಿ ಬಚ್ಚಿಟ್ಟ ವ್ಯಾಪಾರಿಯನ್ನು ಪ್ರವಾದಿ(ಸ)ರು ಎಚ್ಚರಿಸಿದ ಪ್ರಸಂಗವನ್ನು ನಮಗೆ ಬಾಲ್ಯದಲ್ಲೇ ಹೇಳಿಕೊಟ್ಟವರು. ನನ್ನ ಪುಟದಲ್ಲಿ ಮೇಲೆ ಯತೀಂಖಾನೆಯ ಹೆಸರು, ಒಳಗೆ ಬಡ್ಡಿಯ ಅಂಗಡಿ. ಒದ್ದೆ ಧಾನ್ಯಕ್ಕಿಂತ ಅದು ಹೇಗೆ ಭಿನ್ನ?

ಆ ರಾತ್ರಿ ತರಾವೀಹ್ ಬಳಿಕ ಉಪ್ಪ ಅಜ್ಜನ ಕಥೆ ಹೇಳಿದರು. ಅಜ್ಜ ಗೇಣಿ ಒಕ್ಕಲು. ಬೆವರು ಅವರದ್ದು, ಫಸಲಿನ ದೊಡ್ಡ ಪಾಲು ಧಣಿಗಳದ್ದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಂತೆ ಡಿಕ್ಲರೇಶನ್ ಕೊಟ್ಟು, ಭೂನ್ಯಾಯ ಮಂಡಳಿಯ ಮುಂದೆ ನಿಂತು, ತಾವು ದುಡಿದ ನೆಲವನ್ನು ಅವರು ಪಡೆದರು. “ಉಳದವನು ಗೇಣಿ ತಿನ್ನುವುದು ಎಷ್ಟು ಕಹಿಯೆಂದು ನಮ್ಮ ಮನೆಗೆ ಗೊತ್ತು. ನೀನು ಆ ಕಡೆಗೆ ಹೋಗಿ ನಿಂತೆಯಲ್ಲ!” ಎಂದರು.

ನಂತರ ಉಸ್ತಾದರೊಬ್ಬರಲ್ಲಿ ವಿಚಾರಿಸಿದಾಗ ಇದೇ ಪಾಠ ಇಸ್ಲಾಮೀ ಇತಿಹಾಸದಲ್ಲಿಯೂ ಸಿಕ್ಕಿತು. ಪಾಳು ನೆಲಕ್ಕೆ ಜೀವ ತುಂಬಿದವನಿಗೆ ಅದರ ಹಕ್ಕು ಸೇರುತ್ತದೆಂಬುದು ಪ್ರವಾದಿ(ಸ)ರ ಬೋಧನೆ. ಸುತ್ತ ಕಲ್ಲಿಟ್ಟು ಗುರುತು ಹಾಕಿ, ಮೂರು ವರ್ಷ ಏನನ್ನೂ ಮಾಡದೆ ಬಿಟ್ಟವನಿಗೆ ಹಕ್ಕಿಲ್ಲವೆಂಬುದು ಹಝ್ರತ್ ಉಮರ್(ರ)ರ ನಿಲುವಾಗಿ ವರದಿಯಾಗಿದೆ. ಬಿಲಾಲ್ ಬಿನ್ ಹಾರಿಸ್ ಅಲ್ ಮುಝನೀ(ರ)ರಿಗೆ ಸ್ವತಃ ಪ್ರವಾದಿ(ಸ)ರೇ ಅಕೀಕ್‌ನಲ್ಲಿ ವಿಶಾಲವಾದ ಭೂಮಿ ನೀಡಿದ್ದರು. ಅದರಲ್ಲಿ ಅವರಿಂದ ಸಾಗುವಳಿ ಮಾಡಲಾಗದ ಭಾಗವನ್ನು ಉಮರ್(ರ)ರು ಮರಳಿ ಪಡೆದು ಜನರಿಗೆ ಹಂಚಿದರು.

ಡೊಮೈನ್ ಹೆಸರುಗಳ ವ್ಯಾಪಾರವೆಲ್ಲವೂ ನಿಷಿದ್ಧವೆಂದು ಉಸ್ತಾದರು ಹೇಳಲಿಲ್ಲ. ಹೆಸರಿಗೂ ಮೌಲ್ಯವಿದೆ. 1988ರಲ್ಲಿ ಕುವೈತಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿಯು ವ್ಯಾಪಾರದ ಹೆಸರು ಮತ್ತು ಚಿಹ್ನೆಗಳನ್ನು ಅವುಗಳ ಒಡೆಯರ ಹಕ್ಕೆಂದು, ಅದನ್ನು ಅತಿಕ್ರಮಿಸಬಾರದೆಂದು ಒಪ್ಪಿದೆ. ನಮ್ಮ ಸುಪ್ರೀಂ ಕೋರ್ಟ್ ಕೂಡ 2004ರಲ್ಲಿ, ಸತ್ಯಂ ಇನ್ಫೋವೇ ಪ್ರಕರಣದಲ್ಲಿ, ಡೊಮೈನ್ ಹೆಸರಿಗೆ ಟ್ರೇಡ್‌ಮಾರ್ಕಿನಂತಹ ರಕ್ಷಣೆಯಿದೆಯೆಂದು ತೀರ್ಪಿತ್ತಿದೆ. ಆದುದರಿಂದ ಪ್ರಶ್ನೆ ಎರಡು: ಆ ಹೆಸರಿನ ಕೀರ್ತಿಯನ್ನು ಗಳಿಸಿದವರು ಯಾರು? ಅಲ್ಲಿ ಮಾರಾಟವಾಗುತ್ತಿರುವುದೇನು? ಯಂತ್ರ ಆರಿಸಿದರೂ ಬಾಗಿಲು ತೆರೆದು ಕೊಟ್ಟವನು ನಾನು. ಹಣ ಬಂದದ್ದೂ ನನ್ನ ಖಾತೆಗೆ.

ಈದ್‌ಗೆ ಮುನ್ನವೇ ಯತೀಂಖಾನೆಯ ವ್ಯವಸ್ಥಾಪಕರನ್ನು ಹುಡುಕಿ ಫೋನ್ ಮಾಡಿದೆ. ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದ ಹುಡುಗ ಗಲ್ಫಿಗೆ ಹೋಗಿದ್ದ. ನವೀಕರಣದ ಸೂಚನೆಗಳೆಲ್ಲ ಯಾರೂ ತೆರೆಯದ ಅವನ ಹಳೆಯ ಇಮೇಲಿಗೆ ಹೋಗಿದ್ದವು. ವಿಷಯ ತಿಳಿಸಿದಾಗ ಅವರು ಅಂಜುತ್ತಲೇ ಕೇಳಿದರು: “ಮಾರಾಟಕ್ಕೆ 25,000 ರೂಪಾಯಿ ಎಂದು ಅದರಲ್ಲಿ ಕಂಡಿದ್ದೆವು. ನಮ್ಮಲ್ಲಿ ಅಷ್ಟಿಲ್ಲ. ಸ್ವಲ್ಪ ಕಡಿಮೆ ಮಾಡುತ್ತೀರಾ?” ಆ ಪ್ರಶ್ನೆಗಿಂತ ದೊಡ್ಡ ಶಿಕ್ಷೆಯನ್ನು ನಾನು ಇಹದಲ್ಲಿ ಕಂಡಿಲ್ಲ.

ವರ್ಗಾವಣೆಯ ಕೋಡ್ ಕಳುಹಿಸಿ ಹೆಸರನ್ನು ಮರಳಿಸಿದೆ. ಅದರಿಂದ ಬಂದ 6,400 ರೂಪಾಯಿಯನ್ನೂ ಕಳುಹಿಸಿದೆ. “ಇದು ಸದಕವೆಂದು ಲೆಕ್ಕ ಹಾಕಬೇಡ, ಹಕ್ಕುದಾರರಿಗೆ ಹಕ್ಕು ತಲುಪಿತೆಂದಷ್ಟೇ ತಿಳಿ” ಎಂದು ಉಸ್ತಾದರು ಹೇಳಿದ್ದರು. ಉಳಿದ ಹೆಸರುಗಳಲ್ಲಿ ಒಂದನ್ನು ನನ್ನದೇ ಕೆಲಸಕ್ಕೆ ಬಳಸಿದೆ. ಹತ್ತನ್ನು ಅವಧಿ ಮುಗಿದಾಗ ಬಿಟ್ಟುಬಿಟ್ಟೆ.

ಓದುಗ ಬಂಧುಗಳಲ್ಲಿ ಎರಡು ವಿನಂತಿ. ನಿಮ್ಮ ಜಮಾಅತ್, ಮದ್ರಸ, ಸಂಘಗಳ ಡೊಮೈನ್ ಯಾರ ಹೆಸರಿನಲ್ಲಿದೆ, ಯಾವ ಇಮೇಲಿಗೆ ಸೂಚನೆ ಬರುತ್ತದೆ, ಅವಧಿ ಎಂದು ಮುಗಿಯುತ್ತದೆ ಎಂಬುದನ್ನು ಇಂದೇ ವಿಚಾರಿಸಿ. ಅದು ಒಂದು ಅಮಾನತ್. ಇನ್ನು, ಮನೆಯಲ್ಲಿ ಕುಳಿತೇ ಸಂಪಾದಿಸುವ ದಾರಿಗಳನ್ನು ಹುಡುಕುವ ಯುವಕರು, ಹಣ ಎಷ್ಟು ಬರುತ್ತದೆಂದು ಕೇಳುವ ಮೊದಲು ಉಪ್ಪನ ಪ್ರಶ್ನೆಯನ್ನು ಕೇಳಿಕೊಳ್ಳಲಿ: ಜನರು ಬಂದದ್ದು ಯಾರನ್ನು ಹುಡುಕಿಕೊಂಡು?

ಆ ವರ್ಷದ ಝಕಾತನ್ನು ಉಪ್ಪ ನನ್ನ ಕೈಯಿಂದಲೇ ಕಳುಹಿಸಿದರು. ಅಲ್ಲಾಹನು ನಮ್ಮೆಲ್ಲರಿಗೂ ಹಲಾಲಾದ ಅನ್ನವನ್ನೂ ಅದರಲ್ಲಿ ಬರಕತ್ತನ್ನೂ ಅನುಗ್ರಹಿಸಲಿ, ಆಮೀನ್.